ಕಿಕ್ ಹೊಡೆಯುವ ಮುನ್ನ: ಹಳೇ ಗಾಡಿ, ಮನೆ ರಿಪೇರಿ – ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲದ ಪತ್ರಗಳೆಲ್ಲ ಯೆಜ್ಡಿ, ಬುಲೆಟ್, ಕ್ಲಾಸಿಕ್ 350 ಇಟ್ಟುಕೊಂಡು ಭಾನುವಾರ ಅಂಗಳದಲ್ಲಿ ಸ್ಪ್ಯಾನರ್ ಹಿಡಿದು ಕೂರುವವರದ್ದು. ಪ್ಲಗ್ ಬದಲಾಯಿಸಿದೆವು, ಕಾಯಿಲ್ ಬದಲಾಯಿಸಿದೆವು, ಕಾರ್ಬುರೇಟರ್ ಬಿಚ್ಚಿ ತೊಳೆದೆವು ಎಂಬ ಪಟ್ಟಿ ಎಲ್ಲದರಲ್ಲೂ ಉದ್ದವಾಗಿದೆ. ಪಾಯಿಂಟ್ (ತೆರೆದು ಮುಚ್ಚಿ ಪ್ಲಗ್ಗಿಗೆ ಕಿಡಿ ಕೊಡಿಸುವ ಸಣ್ಣ ಸ್ವಿಚ್ಚು) ಗ್ಯಾಪ್ ಎಷ್ಟಿತ್ತು, ಎಣ್ಣೆ ಎಷ್ಟು ಮಿಲಿಲೀಟರ್ ಹೊರಗೆ ಬಂತು, ಚೈನು ಎಷ್ಟು ಸಡಿಲವಿತ್ತು ಎಂದು ಬರೆದವರು ಒಬ್ಬರೂ ಇಲ್ಲ. ಒಂದು ಫೀಲರ್ ಗೇಜ್ (ಸಂದು ಅಳೆಯುವ ತೆಳು ಲೋಹದ ಪಟ್ಟಿಗಳು), ಒಂದು ಅಳತೆ ಜಾರು, ಒಂದು ಸ್ಟೀಲ್ ಸ್ಕೇಲು, ಒಂದು ನೋಟ್‌ಬುಕ್ಕು ಮೊದಲು ಕೊಂಡುಕೊಳ್ಳಿ. ಸ್ಪ್ಯಾನರ್ ಸೆಟ್ಟು ಆಮೇಲೆ.

ಪ್ರಶ್ನೆ: ನನ್ನದು 1986ರ ಯೆಜ್ಡಿ ರೋಡ್‌ಕಿಂಗ್. ಬೆಳಿಗ್ಗೆ ಎರಡೇ ಕಿಕ್‌ಗೆ ಸ್ಟಾರ್ಟ್ ಆಗುತ್ತದೆ. ಹದಿನೈದು ಕಿಲೋಮೀಟರ್ ಓಡಿದ ಮೇಲೆ ಮಿಸ್ ಹೊಡೆದು ನಿಂತುಬಿಡುತ್ತದೆ. ಅರ್ಧ ಗಂಟೆ ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಹೊರಡುತ್ತದೆ. ಪ್ಲಗ್, ಕಾಯಿಲ್ ಎರಡೂ ಹೊಸದು ಹಾಕಿಸಿಯಾಗಿದೆ. – ತೀರ್ಥಹಳ್ಳಿಯ ಓದುಗರು

ಉತ್ತರ: ಬಿಸಿಯಾದಾಗ ನಿಂತು, ತಣ್ಣಗಾದರೆ ಹೊರಡುವ ಗಾಡಿಯನ್ನು ಮನೆಯಲ್ಲಿ ತಣ್ಣಗಿರುವಾಗ ಪರೀಕ್ಷಿಸಿದರೆ ಏನೂ ಸಿಗುವುದಿಲ್ಲ. ನಿಂತ ಜಾಗದಲ್ಲೇ, ನಿಂತ ಎರಡು ನಿಮಿಷದೊಳಗೇ ನೋಡಬೇಕು. ಜೇಬಿನಲ್ಲಿ ಪ್ಲಗ್ ಸ್ಪ್ಯಾನರ್, ಸ್ಕ್ರೂಡ್ರೈವರ್ ಇಟ್ಟುಕೊಂಡು ಬೇಕೆಂತಲೇ ಹದಿನೈದು ಕಿಲೋಮೀಟರ್ ಹೋಗಿ.

ಗಾಡಿ ನಿಂತ ಕೂಡಲೇ ಟ್ಯಾಂಕಿನ ಮುಚ್ಚಳ ತೆಗೆಯಿರಿ. ಗಾಳಿ ಒಳಗೆ ಎಳೆದುಕೊಂಡ ಸದ್ದು ಬಂದು, ಒಂದು ನಿಮಿಷ ಬಿಟ್ಟು ಹೊಡೆದ ಕಿಕ್‌ಗೆ ಸ್ಟಾರ್ಟ್ ಆದರೆ ಕಾಯಿಲೆ ಸಿಕ್ಕಂತೆ. ಮುಚ್ಚಳದ ಗಾಳಿತೂತು ಕಟ್ಟಿದೆ. ಪೆಟ್ರೋಲ್ ಇಳಿದಷ್ಟೂ ಟ್ಯಾಂಕಿನೊಳಗೆ ನಿರ್ವಾತ ಬೆಳೆದು ಕೊನೆಗೆ ಹರಿವೇ ನಿಲ್ಲುತ್ತದೆ. ಸಣ್ಣ ತಂತಿ ಚುಚ್ಚಿ ತೆಗೆದರೆ ಆಯಿತು. ಹೊಸ ರಬ್ಬರ್ ವಾಷರ್ ಹಾಕಿಸಿದ ಮೇಲೆ ಶುರುವಾದ ತೊಂದರೆಯಾದರೆ, ಆ ವಾಷರ್ ತೂತನ್ನು ಮುಚ್ಚಿದೆಯೇ ನೋಡಿ.

ಮುಚ್ಚಳ ತೆಗೆದರೂ ಹೊರಡಲಿಲ್ಲವೆಂದರೆ ಪ್ಲಗ್ ಬಿಚ್ಚಿ. ಒಣಗಿದ್ದರೆ ಪೆಟ್ರೋಲ್ ಬರುತ್ತಿಲ್ಲ. ಕಾಕು (ಟ್ಯಾಂಕಿನ ಕೆಳಗಿನ ಪೆಟ್ರೋಲ್ ನಲ್ಲಿ), ಪೈಪು, ಕಾರ್ಬುರೇಟರಿನ ಫ್ಲೋಟ್ ಸೂಜಿ ಕಡೆ ಹೋಗಿ. ಒದ್ದೆಯಾಗಿದ್ದರೆ ಪೆಟ್ರೋಲ್ ಬಂದಿದೆ, ಕಿಡಿ ಇಲ್ಲ. ಪ್ಲಗ್ಗನ್ನು ಕ್ಯಾಪಿಗೆ ಸಿಕ್ಕಿಸಿ, ಅದರ ಲೋಹದ ಮೈ ಹೆಡ್ಡಿನ ರೆಕ್ಕೆಗೆ ತಾಗುವಂತೆ ಹಿಡಿದು ಕಿಕ್ ಹೊಡೆಯಿರಿ. ಪ್ಲಗ್ ತೂತಿನ ಹತ್ತಿರ ಮಾತ್ರ ಹಿಡಿಯಬೇಡಿ, ಅಲ್ಲಿಂದ ಬರುವ ಪೆಟ್ರೋಲ್ ಆವಿಗೆ ಬೆಂಕಿ ಹತ್ತುತ್ತದೆ. ನೀಲಿ ಬಣ್ಣದ, ಚಟ್ ಎನ್ನುವ ಕಿಡಿ ಸರಿ. ತೆಳ್ಳಗೆ, ಹಳದಿಯಾಗಿ, ಒಮ್ಮೆ ಬಂದು ಒಮ್ಮೆ ಬಾರದ ಕಿಡಿ ಸರಿಯಲ್ಲ.

ಈಗ ಬಲಗಡೆಯ ಕವರ್ ಬಿಚ್ಚಿ, ಡೈನಮೋ ಪಕ್ಕದ ಪಾಯಿಂಟನ್ನು ನೋಡುತ್ತಾ ಇನ್ನೊಬ್ಬರಿಂದ ಕಿಕ್ ಹೊಡೆಸಿ. ಪಾಯಿಂಟ್ ತೆರೆಯುವಾಗ ಕಂಡೂ ಕಾಣದಷ್ಟು ಸಣ್ಣ ಕಿಡಿ ಇರುತ್ತದೆ. ಅದು ಸಹಜ. ಬದಲಿಗೆ ಅಲ್ಲಿ ದಪ್ಪನೆಯ ಹಳದಿ ಕಿಡಿ ಹಾರುತ್ತಿದ್ದು, ಪ್ಲಗ್ಗಿನಲ್ಲಿ ಸತ್ತ ಕಿಡಿ ಇದ್ದರೆ ಕಂಡೆನ್ಸರ್ ಹೋಗಿದೆ. ನಿಮ್ಮ ಗಾಡಿಯ ಲಕ್ಷಣ ನೋಡಿದರೆ ನಮ್ಮ ಅನುಮಾನವೂ ಇದರ ಮೇಲೇ. ಕಂಡೆನ್ಸರ್ ಒಳಗಿರುವುದು ಸುರುಳಿ ಸುತ್ತಿದ ಲೋಹದ ಹಾಳೆ, ನಡುವೆ ಕಾಗದದಂಥ ಪದರ. ಹಳೆಯದಾದಾಗ ಕಾದರೆ ಒಳಗಿನ ಸಂಪರ್ಕ ಬಿಡುತ್ತದೆ, ಆರಿದರೆ ಮತ್ತೆ ಕೂಡುತ್ತದೆ. ಅದಕ್ಕೇ ಹೊಸ ಕಾಯಿಲ್ ಹಾಕಿದರೂ ಗುಣವಾಗಲಿಲ್ಲ. ಎಂಜಿನ್ನಿನ ಶಾಖದಲ್ಲೇ ಕೂತಿರುವ ಭಾಗ ಅದು. ತಿಳಿದ ಮಿಸ್ತ್ರಿಗಳು ಕಂಡೆನ್ಸರನ್ನು ಹೊರಗೆ ತಂದು ಟ್ಯಾಂಕಿನ ಕೆಳಗೆ ಫ್ರೇಮಿಗೆ ಕೂರಿಸುತ್ತಾರೆ. ಅದರ ತಂತಿ ಪಾಯಿಂಟಿಗೆ, ಮೈ ಫ್ರೇಮಿಗೆ. ಫ್ರೇಮಿಗೆ ತಾಗುವ ಜಾಗದ ಪೇಂಟ್ ಕೆರೆಯಲು ಮರೆಯಬೇಡಿ, ಇಲ್ಲದಿದ್ದರೆ ಹೊಸ ಕಂಡೆನ್ಸರ್ ಕೂಡ ಸತ್ತಂತೆಯೇ.

ಕವರ್ ಹೇಗೂ ತೆಗೆದಿದ್ದೀರಿ, ಪಾಯಿಂಟ್ ಗ್ಯಾಪ್ ಕೂಡ ಹಿಡಿಯಿರಿ. ಪ್ಲಗ್ ತೆಗೆದು, ಗಾಡಿಯನ್ನು ಟಾಪ್ ಗೇರಿಗೆ ಹಾಕಿ, ಹಿಂದಿನ ಚಕ್ರವನ್ನು ಕೈಯಲ್ಲಿ ನಿಧಾನ ತಿರುಗಿಸಿ. ಪಾಯಿಂಟ್ ಪೂರ್ತಿ ತೆರೆದುಕೊಂಡ ಜಾಗದಲ್ಲಿ ನಿಲ್ಲಿಸಿ. ಮುಖಗಳು ಗುಂಡಿ ಬಿದ್ದಿದ್ದರೆ ಪಾಯಿಂಟ್ ಅರ ಅಥವಾ ನುಣುಪಾದ ಎಮೆರಿ ಹಾಳೆಯಿಂದ ಎರಡು ಮೂರು ಸಲ ಎಳೆದು, ಪೆಟ್ರೋಲ್ ಹಚ್ಚಿದ ಬಟ್ಟೆಯಿಂದ ಒರೆಸಿ, ಕೊನೆಗೆ ಬಿಳಿ ಕಾಗದದ ಚೂರನ್ನು ನಡುವೆ ಇಟ್ಟು ಎಳೆಯಿರಿ. ಕಾಗದ ಕಪ್ಪಾಗದೆ ಬರುವವರೆಗೂ ಎಳೆಯಬೇಕು. ಎಮೆರಿಯ ಒಂದು ಕಣ ಉಳಿದರೂ ಸಾಕು, ಮತ್ತೆ ಮಿಸ್. ಆಮೇಲೆ ಸ್ಥಿರ ಪಾಯಿಂಟಿನ ಸ್ಕ್ರೂ ಸಡಿಲಿಸಿ 0.4 ಮಿ.ಮೀ. ಫೀಲರ್ ಇಟ್ಟು, ಎಳೆದಾಗ ಸ್ವಲ್ಪ ಹಿಡಿದಂತೆ ಅನ್ನಿಸುವ ಹಾಗೆ ಬಿಗಿ ಮಾಡಿ. ಬಿಗಿ ಮಾಡುವಾಗ ಗ್ಯಾಪ್ ಜಾರುತ್ತದೆ, ಆದ್ದರಿಂದ ಮತ್ತೊಮ್ಮೆ ಅಳೆಯಲೇಬೇಕು. ಕ್ಯಾಮಿಗೆ ಉಜ್ಜುವ ಫೆಲ್ಟಿಗೆ ಒಂದೇ ಒಂದು ಹನಿ ಎಣ್ಣೆ. ಎರಡು ಹನಿಯಾದರೆ ಅದು ಪಾಯಿಂಟಿನ ಮೇಲೆ ಹೋಗಿ ಕೂರುತ್ತದೆ.

ಗ್ಯಾಪ್ ಬದಲಾದರೆ ಟೈಮಿಂಗೂ, ಅಂದರೆ ಕಿಡಿ ಬೀಳುವ ಹೊತ್ತೂ ಬದಲಾಗುತ್ತದೆ. ಗ್ಯಾಪ್ ಹೆಚ್ಚಾದರೆ ಪಾಯಿಂಟ್ ಬೇಗ ತೆರೆಯುತ್ತದೆ, ಕಿಡಿ ಮುಂಚೆ ಬೀಳುತ್ತದೆ. ಹಾಗಾಗಿ ಮೊದಲು ಗ್ಯಾಪ್, ಆಮೇಲೆ ಟೈಮಿಂಗ್. ಉಲ್ಟಾ ಮಾಡಿದರೆ ಎರಡು ಸಲ ಕೆಲಸ. ಪ್ಲಗ್ ಗ್ಯಾಪ್ 0.5ರಿಂದ 0.6 ಮಿ.ಮೀ. ಸಾಕು.

ಕವರಿನ ಸ್ಕ್ರೂಗಳ ಬಗ್ಗೆ ಒಂದು ಮಾತು. ಮೂವತ್ತು ನಲವತ್ತು ವರ್ಷ ಕೂತ ಸ್ಕ್ರೂಗಳು ಸಾಮಾನ್ಯ ಸ್ಕ್ರೂಡ್ರೈವರಿಗೆ ತಲೆ ಕೊಡುವುದಿಲ್ಲ, ತಲೆ ಕಳೆದುಕೊಳ್ಳುತ್ತವೆ. ಸುತ್ತಿಗೆಯಿಂದ ಹೊಡೆದು ತಿರುಗಿಸುವ ಇಂಪ್ಯಾಕ್ಟ್ ಡ್ರೈವರ್ ಬಳಸಿ. ಮತ್ತೆ ಹಾಕುವಾಗ ಅಲೆನ್ ಬೋಲ್ಟು ಹಾಕಿಬಿಡಿ. ಷೋಗೆ ಇಡುವವರು ಬೈದುಕೊಳ್ಳಬಹುದು, ಓಡಿಸುವವರಿಗೆ ಅದೇ ಸುಖ.

ಪ್ರಶ್ನೆ: ಯೆಜ್ಡಿಗೆ ಲೀಟರ್ ಪೆಟ್ರೋಲಿಗೆ ಎಷ್ಟು ಮಿ.ಲೀ. ಟು–ಟಿ ಎಣ್ಣೆ (ಟು–ಸ್ಟ್ರೋಕ್ ಗಾಡಿಗೆ ಪೆಟ್ರೋಲಿನಲ್ಲಿ ಬೆರೆಸುವ ಎಣ್ಣೆ) ಹಾಕಬೇಕು? ಒಬ್ಬರು 30 ಅನ್ನುತ್ತಾರೆ, ಇನ್ನೊಬ್ಬರು 50. ಈಗಿನ ಎಣ್ಣೆ ಚೆನ್ನಾಗಿದೆ, 20 ಸಾಕು ಅನ್ನುವವರೂ ಇದ್ದಾರೆ. – ಕೊಪ್ಪದ ಓದುಗರು

ಉತ್ತರ: ದಿನನಿತ್ಯದ ಓಟಕ್ಕೆ ಲೀಟರಿಗೆ 40 ಮಿ.ಲೀ., ಅಂದರೆ 1:25. ಐದು ಲೀಟರಿಗೆ 200. ಹೊಸದಾಗಿ ಬೋರ್ ಮಾಡಿಸಿ ಪಿಸ್ಟನ್ ಹಾಕಿಸಿದ್ದರೆ ಮೊದಲ ಸಾವಿರ ಕಿಲೋಮೀಟರಿಗೆ 50. ಒಳ್ಳೆಯ ಸೆಮಿ ಸಿಂಥೆಟಿಕ್ ಎಣ್ಣೆ ಹಾಕಿ, ಊರೊಳಗೆ ಮೆಲ್ಲಗೆ ಓಡಿಸುವವರಿಗೆ 30 ನಡೆಯುತ್ತದೆ. 20 ಬೇಡ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಿಂದ 1996ರವರೆಗೆ ಹೊರಬಂದ ಈ 250 ಸಿಸಿ ಟು–ಸ್ಟ್ರೋಕ್‌ಗಳಲ್ಲಿ ಕನೆಕ್ಟಿಂಗ್ ರಾಡಿನ ಬೇರಿಂಗಿಗೂ ಪಿಸ್ಟನ್ನಿಗೂ ಸಿಗುವುದು ಪೆಟ್ರೋಲಿನ ಜೊತೆ ಬಂದ ಎಣ್ಣೆ ಮಾತ್ರ. ಗೇರ್‌ಬಾಕ್ಸಿನ ಎಣ್ಣೆ ಅಲ್ಲಿಗೆ ಹೋಗುವುದಿಲ್ಲ, ಹೋಗಲೂಬಾರದು.

ಹೋದರೆ ಗೊತ್ತಾಗುತ್ತದೆ. ಎಡಗಡೆ ಪ್ರೈಮರಿ ಚೈನಿನ ಬದಿಯ ಕ್ರ್ಯಾಂಕ್ ಆಯಿಲ್ ಸೀಲು ಹಳಸಿದಾಗ ಎಂಜಿನ್ ಅಲ್ಲಿಂದ ಗೇರ್ ಎಣ್ಣೆ ಹೀರುತ್ತದೆ. ಸೈಲೆನ್ಸರಿನಲ್ಲಿ ಬಿಳಿ ಹೊಗೆ ಕಮ್ಮಿಯಾಗುವುದೇ ಇಲ್ಲ, ಪ್ಲಗ್ ಪದೇ ಪದೇ ಒದ್ದೆ, ಗೇರ್‌ಬಾಕ್ಸಿನಲ್ಲಿ ಎಣ್ಣೆ ತಿಂಗಳಿಗೊಮ್ಮೆ ಕಡಿಮೆ. ಆಗ ಟು–ಟಿ ಕಡಿಮೆ ಮಾಡುವುದು ತಪ್ಪು ಔಷಧಿ. ಬಲಗಡೆಯ ಸೀಲು ಹೋದರೆ ಎಣ್ಣೆಯ ಬದಲು ಗಾಳಿ ಒಳಗೆ ಬರುತ್ತದೆ. ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ಸ್ಪೀಡು ಇಳಿಯುವುದಿಲ್ಲ, ಪಿಸ್ಟನ್ ಸೀಜ್ ಆಗುವ ದಾರಿ ಅದು.

ಎಣ್ಣೆ ಬೆರೆಸುವ ಕ್ರಮವೂ ಮುಖ್ಯ. ಬಂಕಿನಲ್ಲಿ ಪೆಟ್ರೋಲ್ ಹಾಕಿಸಿ, ಕೊನೆಗೆ ಮೇಲಿಂದ ಎಣ್ಣೆ ಸುರಿದು ಹೊರಟರೆ ಎಣ್ಣೆ ನೇರ ತಳಕ್ಕೆ ಇಳಿದು ಕಾರ್ಬುರೇಟರಿನ ಜೆಟ್ಟಿನಲ್ಲಿ ಕೂರುತ್ತದೆ. ಕಾಕು ಮುಚ್ಚಿ, ಮೊದಲು ಎಣ್ಣೆ ಸುರಿದು, ಅದರ ಮೇಲೆ ಪೆಟ್ರೋಲ್ ಹಾಕಿಸಿ, ಗಾಡಿಯನ್ನು ಎಡಕ್ಕೂ ಬಲಕ್ಕೂ ನಾಲ್ಕು ಸಲ ಅಲ್ಲಾಡಿಸಿ. ಎಣ್ಣೆ ಜಾಸ್ತಿಯಾದರೆ ಪ್ಲಗ್ಗು, ಸೈಲೆನ್ಸರು ಮಸಿ ಹಿಡಿಯುವುದಷ್ಟೇ ಅಲ್ಲ. ಅದೇ ಜೆಟ್ಟಿನಿಂದ ಎಣ್ಣೆ ಹೆಚ್ಚು ಹೋದಷ್ಟೂ ಪೆಟ್ರೋಲ್ ಕಡಿಮೆ ಹೋಗುತ್ತದೆ. ಹೊಗೆ ಜಾಸ್ತಿ ಬಂದರೆ ಎಂಜಿನ್ ತಣ್ಣಗಿದೆ ಅಂದುಕೊಳ್ಳಬೇಡಿ.

ಕೊಪ್ಪದವರಾದ್ದರಿಂದ ಇದನ್ನೂ ಹೇಳಬೇಕು. ಆಗುಂಬೆ ಘಾಟಿಯನ್ನು ಆಕ್ಸಿಲರೇಟರ್ ಪೂರ್ತಿ ಮುಚ್ಚಿ ಗೇರಿನಲ್ಲೇ ಇಳಿಯಬೇಡಿ. ಎಂಜಿನ್ ಜೋರಾಗಿ ತಿರುಗುತ್ತಿರುತ್ತದೆ, ಪೆಟ್ರೋಲ್ ಬರುತ್ತಿರುವುದಿಲ್ಲ, ಅಂದರೆ ಎಣ್ಣೆಯೂ ಇಲ್ಲ. ಪ್ರತಿ ತಿರುವಿಗೊಮ್ಮೆ ಕ್ಲಚ್ ಹಿಡಿದು ಸ್ವಲ್ಪ ಆಕ್ಸಿಲರೇಟರ್ ಕೊಡಿ.

ಪ್ರಶ್ನೆ: ಅಪ್ಪನ ಕಾಲದ ಕಾಸ್ಟ್ ಐರನ್ ಬುಲೆಟ್ 350. ಎರಡು ವಾರ ನಿಲ್ಲಿಸಿ ಸ್ಟಾರ್ಟ್ ಮಾಡಿದರೆ ಬೀದಿ ತುಂಬ ನೀಲಿ ಹೊಗೆ. ಎಣ್ಣೆ ಕಡ್ಡಿ ನೋಡಿದರೆ ಲೆವೆಲ್ ಇಳಿದಿರುತ್ತದೆ. ಮೇಲಿಂದ ಸುರಿದು ಸರಿ ಮಾಡುತ್ತೇನೆ, ಮತ್ತೆ ಅದೇ ಕತೆ. ಮೇಲ್ಗಡೆ ಟಿಕ್ ಟಿಕ್ ಶಬ್ದವೂ ಇದೆ. ರಿಂಗ್ ಬದಲಾಯಿಸಬೇಕೆ? – ಧಾರವಾಡದ ಓದುಗರು

ಉತ್ತರ: ರಿಂಗಿನ ಮಾತು ಆಮೇಲೆ. ಮೊದಲು ಮೇಲಿಂದ ಎಣ್ಣೆ ಸುರಿಯುವುದನ್ನು ನಿಲ್ಲಿಸಿ. ಎಣ್ಣೆ ಎಲ್ಲೂ ಹೋಗಿಲ್ಲ, ಟ್ಯಾಂಕಿನಿಂದ ಕ್ರ್ಯಾಂಕ್‌ಕೇಸಿಗೆ ಇಳಿದಿದೆ. ಬುಲೆಟ್ಟಿನಲ್ಲಿ ಎಣ್ಣೆ ಟ್ಯಾಂಕು ಎಂಜಿನ್ ಮೈಯಲ್ಲೇ ಇದೆ. ಗಾಡಿ ನಿಂತಾಗ ಪಂಪಿನ ಬಿಲ್ಲೆಗಳ ಸಂದಿನಿಂದ ಎಣ್ಣೆ ಹನಿಹನಿಯಾಗಿ ಫ್ಲೈವೀಲ್ ಇರುವ ಕೋಣೆಗೆ ಜಿನುಗುತ್ತದೆ. ಸ್ಟಾರ್ಟ್ ಮಾಡಿದಾಗ ಫ್ಲೈವೀಲು ಅದನ್ನು ಮೇಲಕ್ಕೆ ಎರಚುತ್ತದೆ. ನಿಮ್ಮ ಬೀದಿಯ ಹೊಗೆ ಅದೇ. ಲೆವೆಲ್ ಇಳಿದಿದೆಯೆಂದು ನೀವು ಮೇಲಿಂದ ಸುರಿದಾಗ ಎಂಜಿನ್ನಿನಲ್ಲಿ ಒಟ್ಟು ಎಣ್ಣೆ ಅಳತೆ ಮೀರುತ್ತದೆ. ಮುಂದೆ ಬ್ರೀದರ್ ಪೈಪಿನಿಂದ, ಸೀಲುಗಳಿಂದ ಹೊರಗೆ ಚೆಲ್ಲುತ್ತದೆ.

ಕಡ್ಡಿ ನೋಡಬೇಕಾದ್ದು ಐದು ಹತ್ತು ನಿಮಿಷ ಓಡಿಸಿ ನಿಲ್ಲಿಸಿದ ಕೂಡಲೇ. ಎರಡು ವಾರ ನಿಂತ ಗಾಡಿಯ ಕಡ್ಡಿ ಸುಳ್ಳು ಹೇಳುತ್ತದೆ.

ಎಷ್ಟು ಇಳಿಯುತ್ತಿದೆ ಎಂದು ಅಳೆಯಿರಿ. ಒಂದು ವಾರ ನಿಲ್ಲಿಸಿ, ಕ್ರ್ಯಾಂಕ್‌ಕೇಸಿನ ತಳದ ಡ್ರೈನ್ ಬೋಲ್ಟು ತೆಗೆದು ಬಂದದ್ದನ್ನು ಅಳತೆ ಜಾರಿನಲ್ಲಿ ಹಿಡಿಯಿರಿ. ತಳದಲ್ಲಿ ಒಂದಕ್ಕಿಂತ ಹೆಚ್ಚು ಬೋಲ್ಟುಗಳಿವೆ. ಎಣ್ಣೆ ಟ್ಯಾಂಕಿನದ್ದನ್ನು ತೆಗೆದರೆ ಇದ್ದದ್ದೆಲ್ಲ ಸುರಿದು ಲೆಕ್ಕ ಕೆಡುತ್ತದೆ, ಗುರುತು ಮಾಡಿಕೊಳ್ಳಿ. ಹಿಡಿದ ಎಣ್ಣೆ ಶುದ್ಧವಾಗಿದ್ದರೆ ಹಳೇ ಬನಿಯನ್ ಬಟ್ಟೆಯಲ್ಲಿ ಸೋಸಿ ಟ್ಯಾಂಕಿಗೇ ಹಾಕಿ. ಎರಡು ವಾರ ನಿಂತಾಗೆಲ್ಲ ಹೀಗೆ ಬಸಿದು, ಮರಳಿ ಹಾಕಿ ಸ್ಟಾರ್ಟ್ ಮಾಡಿದರೆ ಹೊಗೆಯೇ ಇರುವುದಿಲ್ಲ. ಎಷ್ಟೋ ಜನ ವರ್ಷಗಟ್ಟಲೆ ಇಷ್ಟರಲ್ಲೇ ನಡೆಸುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ.

ಬೇರಿನಿಂದ ಸರಿ ಮಾಡಬೇಕೆಂದರೆ ಬಲಗಡೆಯ ಟೈಮಿಂಗ್ ಕವರ್ ಬಿಚ್ಚಿ ಪಂಪಿನ ಬಿಲ್ಲೆಗಳನ್ನು ತೆಗೆಯಬೇಕು. ಯಾವ ಬಿಲ್ಲೆ ಯಾವ ಕಡೆಯದ್ದೆಂದು ಬದಲಾಗಬಾರದು, ಫೋಟೋ ತೆಗೆದಿಡಿ. ಬಿಲ್ಲೆಯ ಮುಖದಲ್ಲಿ ಗೀರು ಕಂಡರೆ ದಪ್ಪ ಗಾಜಿನ ಚೂರಿನ ಮೇಲೆ ನುಣುಪು ಗ್ರೈಂಡಿಂಗ್ ಪೇಸ್ಟನ್ನು ಸೀಮೆಎಣ್ಣೆಯಲ್ಲಿ ಕಲಸಿ, ಎಂಟರ ಆಕಾರದಲ್ಲಿ ಮೆಲ್ಲಗೆ ತಿಕ್ಕಿ. ಮುಖ ಪೂರ್ತಿ ಒಂದೇ ಬೂದು ಬಣ್ಣಕ್ಕೆ ಬಂದರೆ ಸಾಕು. ತಿಕ್ಕಿದ ನಂತರ ಮೂರು ಸಲ ತೊಳೆಯಿರಿ. ಆ ಪೇಸ್ಟಿನ ಒಂದು ಚಿಟಿಕೆ ಒಳಗೆ ಉಳಿದರೆ ಕನೆಕ್ಟಿಂಗ್ ರಾಡಿನ ಕೆಳತುದಿಯ ಬಿಗ್‌ಎಂಡ್ ಬೇರಿಂಗ್ ತಿಂದುಹಾಕುತ್ತದೆ. ಜೋಡಿಸಿದ ಮೇಲೆ ಪ್ಲಗ್ ತೆಗೆದಿಟ್ಟು ಕಿಕ್ಕರ್ ತುಳಿಯುತ್ತಾ ಹೋಗಿ. ರಾಕರಿಗೆ ಹೋಗುವ ಸಣ್ಣ ಪೈಪಿನ ಬೋಲ್ಟನ್ನು ಒಂದು ಸುತ್ತು ಸಡಿಲಿಸಿ ನೋಡಿ, ಎಣ್ಣೆ ಜಿನುಗಿದ ಮೇಲೆ ಬಿಗಿ ಮಾಡಿ. ಅದು ಕಾಣದೆ ಸ್ಟಾರ್ಟ್ ಮಾಡಬೇಡಿ.

ಟಿಕ್ ಟಿಕ್ ಶಬ್ದಕ್ಕೆ ಟ್ಯಾಪೆಟ್, ಅಂದರೆ ಕ್ಯಾಮಿನ ಒತ್ತು ವಾಲ್ವಿನ ಕಡೆಗೆ ದಾಟಿಸುವ ಭಾಗ, ಸೆಟ್ ಮಾಡಬೇಕು. ಎಂಜಿನ್ ಪೂರ್ತಿ ತಣ್ಣಗಿರಬೇಕು, ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುಂಚೆ ಉತ್ತಮ. ಬ್ಯಾರಲ್ಲಿನ ಪಕ್ಕದ ಟ್ಯಾಪೆಟ್ ಮುಚ್ಚಳ ತೆಗೆದು, ಪಿಸ್ಟನ್ನನ್ನು ಕಂಪ್ರೆಷನ್ನಿನ ಮೇಲ್ತುದಿಗೆ ತನ್ನಿ. ಎರಡೂ ವಾಲ್ವ್ ಮುಚ್ಚಿರುವ ಜಾಗ ಅದು. ಇಲ್ಲಿ ಫೀಲರ್ ಗೇಜ್ ಕೆಲಸವಿಲ್ಲ, ಬೆರಳೇ ಗೇಜ್. ಟ್ಯಾಪೆಟ್ಟಿನ ಮೇಲೆ ಕೂತ ಪುಷ್‌ರಾಡನ್ನು (ಮೇಲಿನ ರಾಕರನ್ನು ತಳ್ಳುವ ಸರಳು) ಎರಡು ಬೆರಳಲ್ಲಿ ಹಿಡಿದು ಉರುಳಿಸಿದರೆ ಸಲೀಸಾಗಿ ತಿರುಗಬೇಕು, ಮೇಲಕ್ಕೂ ಕೆಳಕ್ಕೂ ಆಡಿಸಿದರೆ ಆಟ ಇರಬಾರದು. ಲಾಕ್ ನಟ್ ಬಿಗಿ ಮಾಡಿದ ಮೇಲೆ ಮತ್ತೆ ಉರುಳಿಸಿ ನೋಡಿ. ಬಿಗಿಯಾಯಿತೋ ಸಡಿಲವಾಯಿತೋ ಎಂಬ ಅನುಮಾನವಿದ್ದರೆ ಸಡಿಲದ ಕಡೆಗೇ ಬಿಡಿ. ಸಡಿಲವಿದ್ದರೆ ಶಬ್ದ ಬರುತ್ತದೆ ಅಷ್ಟೇ. ಬಿಗಿಯಾಗಿದ್ದರೆ ವಾಲ್ವ್ ಪೂರ್ತಿ ಮುಚ್ಚದೆ ಸುಟ್ಟುಹೋಗುತ್ತದೆ, ಆಗ ಶಬ್ದವೂ ಬಾರದು.

ಎಣ್ಣೆ ಬಸಿದು, ಲೆವೆಲ್ ಸರಿಮಾಡಿ, ಐವತ್ತು ಕಿಲೋಮೀಟರ್ ಓಡಿದ ಮೇಲೂ ನೀಲಿ ಹೊಗೆ ನಿಲ್ಲದಿದ್ದರೆ ಆಗ ರಿಂಗು, ವಾಲ್ವ್ ಗೈಡು.

ಪ್ರಶ್ನೆ: 2014ರ ಕ್ಲಾಸಿಕ್ 350ಕ್ಕೆ ಎಂಜಿನ್ ಎಣ್ಣೆಯನ್ನು ಮನೆಯಲ್ಲೇ ಬದಲಾಯಿಸಬೇಕೆಂದಿದ್ದೇನೆ. ಟ್ಯಾಪೆಟ್ ಕೂಡ ನೋಡಬೇಕೆ? – ಬೆಂಗಳೂರಿನ ಓದುಗರು

ಉತ್ತರ: ಟ್ಯಾಪೆಟ್ ಮರೆತುಬಿಡಿ. ನಿಮ್ಮ 346 ಸಿಸಿ ಎಂಜಿನ್ನಿನಲ್ಲಿ ಹೈಡ್ರಾಲಿಕ್ ಟ್ಯಾಪೆಟ್ ಇದೆ, ಸೆಟ್ ಮಾಡುವಂಥದ್ದೇನೂ ಇಲ್ಲ. ತಣ್ಣಗಿರುವಾಗ ಸ್ಟಾರ್ಟ್ ಮಾಡಿದರೆ ಕೆಲವು ಸೆಕೆಂಡು ಟಿಕ್ ಎನ್ನುವುದು ಅದರೊಳಗೆ ಎಣ್ಣೆ ತುಂಬುವ ತನಕ ಮಾತ್ರ. 2021ರಲ್ಲಿ ಬಂದ 349 ಸಿಸಿ ಕ್ಲಾಸಿಕ್ ಬೇರೆಯೇ ಎಂಜಿನ್, ಅದಕ್ಕೆ ಈ ಮಾತು ಹೊಂದುವುದಿಲ್ಲ.

ಎಣ್ಣೆಗೆ 15ಡಬ್ಲ್ಯು–50, ಡಬ್ಬದ ಮೇಲೆ ಜಾಸೋ ಎಂಎ ಅಥವಾ ಎಂಎ2 (ಬೈಕಿನ ಎಣ್ಣೆಯ ದರ್ಜೆ) ಎಂದಿರಲೇಬೇಕು. ಕಾರಿನ ಎಣ್ಣೆ ಬೇಡ. ಇಲ್ಲಿ ಕ್ಲಚ್ ಪ್ಲೇಟುಗಳೂ ಅದೇ ಎಣ್ಣೆಯಲ್ಲಿ ಮುಳುಗಿರುತ್ತವೆ, ಜಾರಿಕೆ ಹೆಚ್ಚಿಸುವ ಕಾರಿನ ಎಣ್ಣೆ ಹಾಕಿದರೆ ಏರಿನಲ್ಲಿ ಎಂಜಿನ್ ಕೂಗುತ್ತದೆ, ಗಾಡಿ ಹೋಗುವುದಿಲ್ಲ.

ಐದು ನಿಮಿಷ ಓಡಿಸಿ ಎಂಜಿನ್ ಬೆಚ್ಚಗೆ ಮಾಡಿ. ಕುದಿಯುವಷ್ಟು ಬೇಡ, ಕೈ ಸುಡುತ್ತದೆ. ಸೆಂಟರ್ ಸ್ಟ್ಯಾಂಡ್ ಹಾಕಿ, ನಾಲ್ಕು ಲೀಟರ್ ಹಿಡಿಯುವ ಟ್ರೇ ಇಟ್ಟು, ಮೇಲಿನ ಎಣ್ಣೆ ಮುಚ್ಚಳ ಮೊದಲು ತೆಗೆದು, ಆಮೇಲೆ ತಳದ ಡ್ರೈನ್ ಬೋಲ್ಟು. ಕಾಲು ಗಂಟೆ ಬಸಿಯಲು ಬಿಡಿ. ಅಷ್ಟರಲ್ಲಿ ಬಲಗಡೆ ಫಿಲ್ಟರಿನ ಸಣ್ಣ ಮುಚ್ಚಳದ ಮೂರು ಬೋಲ್ಟು ಬಿಚ್ಚಿ. ಒಳಗೆ ಫಿಲ್ಟರಿನ ಯಾವ ಮುಖ ಎತ್ತ ಇದೆ ಎಂದು ತೆಗೆಯುವ ಮುಂಚೆ ಫೋಟೋ ಹಿಡಿಯಿರಿ. ಹೊಸ ಫಿಲ್ಟರ್ ಜೊತೆ ಹೊಸ ಓ–ರಿಂಗ್ ಹಾಕಿ, ಡ್ರೈನ್ ಬೋಲ್ಟಿಗೆ ಹೊಸ ವಾಷರ್.

ಬಂದ ಎಣ್ಣೆಯನ್ನು ಬಿಸಿಲಿನಲ್ಲಿ ನೋಡಿ. ಕಪ್ಪಾಗಿರುವುದು ಸಹಜ. ಬೆರಳಲ್ಲಿ ಉಜ್ಜಿದರೆ ಬೆಳ್ಳಿ ಹುಡಿಯಂಥ ಮಿನುಗು ಸ್ವಲ್ಪ ಇರಬಹುದು, ಉಗುರಿಗೆ ಸಿಗುವಂಥ ಲೋಹದ ಚೂರು ಇರಬಾರದು. ಹಾಲು ಬೆರೆಸಿದ ಕಾಫಿ ಬಣ್ಣವಿದ್ದರೆ ಒಳಗೆ ನೀರಿನ ಪಸೆ ಸೇರಿದೆ. ದಿನಾ ಎರಡು ಕಿಲೋಮೀಟರ್ ಆಫೀಸಿಗೆ ಹೋಗಿ ಬರುವ, ಎಂಜಿನ್ ಎಂದೂ ಪೂರ್ತಿ ಬಿಸಿಯಾಗದ ಗಾಡಿಗಳಲ್ಲಿ ಇದು ಕಾಣುತ್ತದೆ.

ಹೊಸ ಎಣ್ಣೆ ಮೊದಲು ಎರಡು ಲೀಟರ್ ಮಾತ್ರ. ಮೂರು ನಿಮಿಷ ಓಡಿಸಿ, ನಿಲ್ಲಿಸಿ, ಹತ್ತು ನಿಮಿಷ ಬಿಟ್ಟು, ಗಾಡಿ ನೆಟ್ಟಗೆ ನಿಂತಿರುವಾಗ ಬಲಗಡೆಯ ಗಾಜಿನ ಕಿಟಕಿ ನೋಡಿ. ಕಮ್ಮಿಯಿದ್ದರೆ ನೂರು ನೂರು ಮಿಲಿಲೀಟರ್ ಸೇರಿಸುತ್ತಾ ಎರಡು ಗುರುತುಗಳ ನಡುವೆ ತನ್ನಿ. ಮೇಲಿನ ಗುರುತು ದಾಟಿದರೆ ಹೆಚ್ಚಾದದ್ದು ಬ್ರೀದರ್ ಪೈಪಿನ ಮೂಲಕ ಏರ್ ಫಿಲ್ಟರ್ ಡಬ್ಬಿಗೆ ಹೋಗಿ ಕೂರುತ್ತದೆ. “ಕಂಪನಿ ಎರಡೂಮುಕ್ಕಾಲು ಲೀಟರ್ ಹೇಳಿದೆ” ಎಂದು ಇಡೀ ಡಬ್ಬ ಸುರಿಯುವವರು ಮಾಡುವ ತಪ್ಪು ಇದು. ಆ ಲೆಕ್ಕ ಎಂಜಿನ್ ಪೂರ್ತಿ ಬಿಚ್ಚಿ ಒಣಗಿಸಿ ಜೋಡಿಸಿದಾಗಿನದು. ಬಸಿದಾಗ ಒಂದಷ್ಟು ಎಣ್ಣೆ ಒಳಗೇ ಉಳಿದಿರುತ್ತದೆ.

ಮನೆ ರಿಪೇರಿಯಲ್ಲಿ ಅತಿ ಹೆಚ್ಚು ಕೆಡುವುದು ಡ್ರೈನ್ ಬೋಲ್ಟಿನ ಥ್ರೆಡ್ಡು. ಬೋಲ್ಟು ಉಕ್ಕು, ಅದು ಕೂರುವ ಜಾಗ ಅಲ್ಯೂಮಿನಿಯಂ. ಮೊದಲ ಮೂರು ಸುತ್ತು ಬರಿ ಬೆರಳಲ್ಲೇ ಹೋಗಬೇಕು. ಹೋಗದಿದ್ದರೆ ಓರೆಯಾಗಿದೆ, ತೆಗೆದು ಮತ್ತೆ ಹಿಡಿಯಿರಿ. ಉದ್ದ ಹಿಡಿಯ ಸ್ಪ್ಯಾನರ್ ಬೇಡ, ಗಿಡ್ಡದ್ದು ಸಾಕು. ಥ್ರೆಡ್ಡು ಹೋಗಿಯೇ ಹೋದರೆ ಎಂ–ಸೀಲ್, ಟೆಫ್ಲಾನ್ ಟೇಪು ಎಂದು ಸಾಹಸ ಮಾಡದೆ ಲೇತ್ ಅಂಗಡಿಯಲ್ಲಿ ಹೆಲಿಕಾಯಿಲ್ (ಹೊಸ ಥ್ರೆಡ್ಡಾಗುವ ತಂತಿ ಸುರುಳಿ) ಕೂರಿಸಿ.

ಹಳೇ ಎಣ್ಣೆಯನ್ನು ಚರಂಡಿಗೆ ಸುರಿಯಬೇಡಿ. ಡಬ್ಬದಲ್ಲಿ ತುಂಬಿ ಗ್ಯಾರೇಜಿಗೆ ಕೊಟ್ಟರೆ ಅವರ ಎಣ್ಣೆಯ ಜೊತೆ ಸಂಗ್ರಹಕ್ಕೆ ಹೋಗುತ್ತದೆ. ಊರುಗಳಲ್ಲಿ ಗೆದ್ದಲಿಗೆಂದು ಬೇಲಿ ಗೂಟಕ್ಕೆ ಬಳಿಯುವ ರೂಢಿ ಇದೆ. ಬಾವಿಯ ಹತ್ತಿರದ ಗೂಟಕ್ಕಂತೂ ಬೇಡ.

ಪ್ರಶ್ನೆ: ಚೈನ್ ಬಿಗಿ ಮಾಡಿಸಿದ ಮೇಲೆ ಗಾಡಿ ಭಾರವಾಗಿದೆ, ಹಿಂದಿನ ಬ್ರೇಕ್ ಕೂಡ ಹಿಡಿದುಕೊಂಡಂತಿದೆ. – ಹಾಸನದ ಓದುಗರು

ಉತ್ತರ: ಎರಡೂ ಒಂದೇ ಕೆಲಸದ ಫಲ. ಡ್ರಮ್ ಬ್ರೇಕಿನ ಗಾಡಿಯಲ್ಲಿ ಚೈನ್ ಬಿಗಿ ಮಾಡಲು ಚಕ್ರ ಹಿಂದಕ್ಕೆ ಎಳೆದಾಗ ಬ್ರೇಕ್ ರಾಡೂ ಎಳೆದುಕೊಳ್ಳುತ್ತದೆ. ರಾಡಿನ ತುದಿಯ ನಟ್ಟನ್ನು ಸಡಿಲಿಸಿ, ಪೆಡಲ್ ಒಂದು ಇಂಚು ಇಳಿದ ಮೇಲೆ ಬ್ರೇಕ್ ಹಿಡಿಯುವಂತೆ ಮಾಡಿ.

ಚೈನು ಎಲ್ಲ ಕಡೆ ಒಂದೇ ಸಮ ಸವೆಯುವುದಿಲ್ಲ. ಚಕ್ರ ತಿರುಗಿಸುತ್ತಾ ನಾಲ್ಕೈದು ಜಾಗದಲ್ಲಿ ನೋಡಿ, ಅತಿ ಬಿಗಿಯಾದ ಜಾಗ ಹುಡುಕಿ, ಅಲ್ಲಿ ಕೆಳಗಿನ ಚೈನಿನ ನಡುಭಾಗ ಮೇಲೆ ಕೆಳಗೆ ಒಟ್ಟು 25ರಿಂದ 30 ಮಿ.ಮೀ. ಆಡಬೇಕು. ಸ್ಟೀಲ್ ಸ್ಕೇಲು ಹಿಡಿದೇ ನೋಡಿ. ಅತಿ ಸಡಿಲವಾದ ಜಾಗದಲ್ಲಿ ಸೆಟ್ ಮಾಡಿದ್ದರಿಂದಲೇ ನಿಮ್ಮ ಗಾಡಿ ಭಾರವಾಗಿರುವುದು. ಹೀಗೆ ಓಡಿಸಿದರೆ ಗೇರ್‌ಬಾಕ್ಸಿನ ಬೇರಿಂಗಿಗೆ ಪೆಟ್ಟು. ಎರಡೂ ಬದಿಯ ಅಡ್ಜಸ್ಟರ್ ಒಂದೇ ಗುರುತಿನಲ್ಲಿರಲಿ. ಹಿಂದಿನ ಸ್ಪ್ರಾಕೆಟ್ಟಿನ ಹಿಂಬದಿಯಲ್ಲಿ ಒಂದು ಕೊಂಡಿ ಹಿಡಿದು ಎಳೆದಾಗ ಅರ್ಧ ಹಲ್ಲು ಕಂಡರೆ ಬಿಗಿ ಮಾಡುವ ಕಾಲ ಮುಗಿದಿದೆ. ಚೈನು, ಎರಡು ಸ್ಪ್ರಾಕೆಟ್ ಮೂರನ್ನೂ ಒಟ್ಟಿಗೆ ಬದಲಾಯಿಸಿ. ಲಾಕ್ ಕ್ಲಿಪ್ಪಿನ ಮುಚ್ಚಿದ ತುದಿ ಚೈನ್ ಓಡುವ ದಿಕ್ಕಿಗೆ ಇರಬೇಕು.

ಪ್ರಶ್ನೆ: ಯೆಜ್ಡಿಯನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಿಲ್ಲಿಸಿಡುತ್ತೇನೆ. ಹೋದ ವರ್ಷ ತೆಗೆದಾಗ ಟ್ಯಾಂಕಿನಲ್ಲಿ ತುಕ್ಕು, ಕಾರ್ಬುರೇಟರಿನಲ್ಲಿ ಅಂಟು. ಎಥನಾಲ್ ಪೆಟ್ರೋಲಿನಿಂದಲೇ? – ಮಡಿಕೇರಿಯ ಓದುಗರು

ಉತ್ತರ: ಅದರದ್ದೂ ಪಾಲಿದೆ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನ ಇಂಡಿಯಾ ಎನರ್ಜಿ ವೀಕ್‌ನಲ್ಲಿ ಬಿಡುಗಡೆಯಾದ ಶೇ 20 ಎಥನಾಲ್ ಪೆಟ್ರೋಲ್ ಈಗ ಎಲ್ಲ ಕಡೆ ಬರುತ್ತಿದೆ. ಎಥನಾಲ್ ಗಾಳಿಯ ತೇವ ಹೀರುತ್ತದೆ. ಮಡಿಕೇರಿಯ ಮಳೆಗಾಲದಲ್ಲಿ ಅರ್ಧ ಖಾಲಿ ಟ್ಯಾಂಕಿನೊಳಗೆ ತೇವಕ್ಕೇನು ಕಮ್ಮಿ? ನೀರು ಮಿತಿ ಮೀರಿದಾಗ ಎಥನಾಲ್ ಮತ್ತು ನೀರು ಬೇರ್ಪಟ್ಟು ತಳಕ್ಕೆ ಇಳಿಯುತ್ತವೆ. ತುಕ್ಕು ಹಿಡಿಯುವುದೂ ತಳದಲ್ಲೇ, ಕಾಕಿಗೆ ಮೊದಲು ಹೋಗುವುದೂ ಅದೇ.

ಎರಡು ಮೂರು ವಾರಕ್ಕಾದರೆ ಟ್ಯಾಂಕ್ ಕಂಠಪೂರ್ತಿ ತುಂಬಿಸಿಡಿ. ನಾಲ್ಕು ತಿಂಗಳಿಗೆ ಪೂರ್ತಿ ಖಾಲಿ ಮಾಡಿ, 50 ಮಿ.ಲೀ. ಟು–ಟಿ ಎಣ್ಣೆ ಒಳಗೆ ಸುರಿದು ಟ್ಯಾಂಕನ್ನು ಎಲ್ಲ ಕಡೆ ಹೊರಳಿಸಿ. ಕಾರ್ಬುರೇಟರಿನ ಬೌಲು ಬಸಿದು ಒಣಗಿಸಿ. ಪ್ಲಗ್ ತೂತಿಗೆ ಒಂದು ಚಮಚ ಎಣ್ಣೆ, ಕಿಕ್ಕರ್ ಮೆಲ್ಲಗೆ ಐದಾರು ಸಲ, ಪ್ಲಗ್ ಮತ್ತೆ ಹಾಕಿ. ಸೈಲೆನ್ಸರ್ ಬಾಯಿಗೆ ಬಟ್ಟೆ ತುರುಕಿ, ಇಲ್ಲದಿದ್ದರೆ ಕಣಜ ಮಣ್ಣಿನ ಗೂಡು ಕಟ್ಟುತ್ತದೆ. ಬಟ್ಟೆ ಇದೆಯೆಂದು ಹ್ಯಾಂಡಲ್ಲಿಗೆ ಒಂದು ಚೀಟಿ ಕಟ್ಟಿ. ಬ್ಯಾಟರಿ ತೆಗೆದು ಒಳಗಿಟ್ಟು ತಿಂಗಳಿಗೊಮ್ಮೆ ಚಾರ್ಜ್ ಮಾಡಿ. ಹೊದಿಕೆಗೆ ಪ್ಲಾಸ್ಟಿಕ್ ಟಾರ್ಪಾಲು ಬೇಡ, ಗೋಣಿಚೀಲವೂ ಬೇಡ. ಒಂದು ಬೆವರು ಹಿಡಿದಿಡುತ್ತದೆ, ಇನ್ನೊಂದು ತೇವ ಹೀರಿ ಕ್ರೋಮಿಗೆ ಒರೆಸುತ್ತದೆ. ಹಳೇ ಹತ್ತಿ ಬೆಡ್‌ಶೀಟು ಒಳ್ಳೆಯದು.

ಹಳೇ ರಬ್ಬರ್ ಪೈಪು, ಫ್ಲೋಟ್ ಸೂಜಿಯ ತುದಿ ಎಥನಾಲಿಗೆ ಉಬ್ಬುತ್ತವೆ ಅಥವಾ ಬಿರಿಯುತ್ತವೆ. ಪೈಪು ಬಗ್ಗಿಸಿದಾಗ ಬಿರುಕು ಕಂಡರೆ ಬದಲಾಯಿಸಿ. ಇದೇ ಪೆಟ್ರೋಲಿನಲ್ಲಿ ಎಂಜಿನ್ ಹೆಚ್ಚು ಬಿಸಿಯಾಗಿ, ಪ್ಲಗ್ ಬೆಳ್ಳಗೆ ಬಂದರೆ ಕಾರ್ಬುರೇಟರಿನ ಸೂಜಿಯ ಕ್ಲಿಪ್ಪನ್ನು ಒಂದು ಗೀರು ಕೆಳಗೆ ಹಾಕಿ. ಸೂಜಿ ಮೇಲೇರಿ ಪೆಟ್ರೋಲ್ ಸ್ವಲ್ಪ ಹೆಚ್ಚು ಹೋಗುತ್ತದೆ. ಪ್ಲಗ್ ಕಾಫಿಪುಡಿ ಬಣ್ಣಕ್ಕೆ ಬಂದರೆ ಅಲ್ಲಿಗೆ ನಿಲ್ಲಿಸಿ.

ಸೆಪ್ಟೆಂಬರ್‌ನಲ್ಲಿ ತೆಗೆದಾಗ ಕ್ಲಚ್ ಪ್ಲೇಟುಗಳು ಅಂಟಿಕೊಂಡಿರುತ್ತವೆ. ಕ್ಲಚ್ ಹಿಡಿದು ಕಿಕ್ಕರ್ ನಾಲ್ಕು ಸಲ ತುಳಿದು ಬಿಡಿಸಿ, ಆಮೇಲೆ ಸ್ಟಾರ್ಟ್ ಮಾಡಿ. ಇಲ್ಲದಿದ್ದರೆ ಮೊದಲ ಗೇರ್ ಹಾಕಿದಾಗ ಗಾಡಿ ಗೇಟಿಗೆ ಹೋಗಿ ಗುದ್ದುತ್ತದೆ.

ಪ್ರಶ್ನೆ: ಯೆಜ್ಡಿಯ 6 ವೋಲ್ಟ್ ಹೆಡ್‌ಲೈಟ್ ಮಿಣುಕು ದೀಪದಂತಿದೆ. 12 ವೋಲ್ಟಿಗೆ ಬದಲಾಯಿಸಲೇ? – ಮೈಸೂರಿನ ಓದುಗರು

ಉತ್ತರ: ಮೊದಲು ಬ್ಯಾಟರಿಯಲ್ಲಿ ಎಷ್ಟು ವೋಲ್ಟ್, ಬಲ್ಬಿನ ಹೋಲ್ಡರಿನಲ್ಲಿ ಎಷ್ಟು ಎಂದು ಲೈಟ್ ಹಾಕಿ ಮಲ್ಟಿಮೀಟರಿನಲ್ಲಿ ಅಳೆಯಿರಿ. 6 ವೋಲ್ಟಿನಲ್ಲಿ ಒಂದು ವೋಲ್ಟ್ ದಾರಿಯಲ್ಲಿ ಕಳೆದುಹೋದರೆ ಬೆಳಕು ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯುತ್ತದೆ. ಅರ್ಧ ವೋಲ್ಟಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಹೆಡ್‌ಲೈಟಿನಿಂದ ಫ್ರೇಮಿಗೆ ಹೊಸ ಅರ್ತ್ ತಂತಿ ಎಳೆಯಿರಿ, ಇಗ್ನಿಷನ್ ಸ್ವಿಚ್ಚಿನ ಕಾಂಟ್ಯಾಕ್ಟ್ ತಿಕ್ಕಿ, ಬ್ಯಾಟರಿ ಟರ್ಮಿನಲ್ ಸ್ವಚ್ಛ ಮಾಡಿ ವ್ಯಾಸಲೀನ್ ಹಚ್ಚಿ. ಅಷ್ಟಾದ ಮೇಲೂ ರಾತ್ರಿ ಪ್ರಯಾಣಕ್ಕೆ ಸಾಲದು ಎನ್ನಿಸಿದರೆ 12 ವೋಲ್ಟ್ ಕಿಟ್ ಹಾಕಿಸಿ. ಕಿಟ್ ಹಾಕಲು ಬಿಚ್ಚಿದ ಹಳೇ ಡೈನಮೋವನ್ನು ಗುಜರಿಗೆ ಕೊಡಬೇಡಿ, ಎಣ್ಣೆ ಹಚ್ಚಿದ ಬಟ್ಟೆ ಸುತ್ತಿ ಅಟ್ಟದ ಮೇಲಿಡಿ.